ಬಂಡಿಯ ಮುಂದೆ ತಿಂದೆವು, ಮನೆಯಲ್ಲಿ ಬೇಡವೆಂದೆವು



ಭಾನುವಾರ ಸಂಜೆ ಗಾನವೃಂದದ ಅಭ್ಯಾಸ ಮುಗಿದ ಮೇಲೆ ಯುವಜನರಾದ ನಾವು ನೇರವಾಗಿ ಮನೆ ಸೇರುವುದು ಅಪರೂಪ. ಜಹೀರಾಬಾದಿನಲ್ಲಿದ್ದರೆ ಹೆದ್ದಾರಿ ಬದಿಯ ಮಿರ್ಚಿ ಬಂಡಿ, ತಾಂಡೂರಿನಲ್ಲಿದ್ದರೆ ರೈಲು ನಿಲ್ದಾಣದ ದಾರಿಯಲ್ಲಿನ ಚಹಾದಂಗಡಿ, ನಾರಾಯಣಖೇಡದಲ್ಲಿದ್ದರೆ ಬಸ್ ನಿಲ್ದಾಣದ ಹತ್ತಿರ ಪುನುಗುಲು ಕರಿಯುವ ತಳ್ಳುಬಂಡಿ. ಕಾದ ಎಣ್ಣೆಗೆ ಮೆಣಸಿನಕಾಯಿ ಬಿದ್ದ ಸದ್ದು ಕೇಳಿದರೆ ಸಾಕು, ಕಾಲು ತಾನಾಗಿ ನಿಲ್ಲುತ್ತದೆ. ಬಿಸಿ ಮಿರ್ಚಿಯನ್ನು ಸೀಳಿ, ಹೆಚ್ಚಿದ ಉಳ್ಳಾಗಡ್ಡಿ ತುಂಬಿ, ಮೇಲೆ ನಿಂಬೆ ಹಿಂಡಿ ಕೊಡುತ್ತಾರೆ. ಜೊತೆಗೆ ಮಂಡಾಳ ಒಗ್ಗರಣೆ, ಕೊನೆಗೆ ಇರಾನಿ ಚಹಾ. ತೆಲುಗಿನಲ್ಲಿ ಹೇಳುತ್ತೇವೆ, ದಖನಿ ಉರ್ದುವಿನಲ್ಲಿ ಚೌಕಾಸಿ ಮಾಡುತ್ತೇವೆ, ಕನ್ನಡದಲ್ಲಿ ನಗುತ್ತೇವೆ.

ನಮ್ಮ ಈ ಮೂರು ಭಾಷೆಯ ಬಾಯಿಗೆ ಕಾರಣವಿದೆ. 1956ರವರೆಗೆ ಜಹೀರಾಬಾದ್ ಮತ್ತು ನಾರಾಯಣಖೇಡ ಬೀದರ್ ಜಿಲ್ಲೆಯಲ್ಲಿದ್ದವು, ತಾಂಡೂರು ಗುಲ್ಬರ್ಗಾ ಜಿಲ್ಲೆಯಲ್ಲಿತ್ತು. ರಾಜ್ಯಗಳ ಗೆರೆ ಬದಲಾಯಿತು, ಜನ ಇದ್ದಲ್ಲೇ ಉಳಿದರು. ಆದ್ದರಿಂದ ನಾವು ತೆಲುಗು ನಾಡಿನ ಕನ್ನಡಿಗರು, ಕನ್ನಡಿಗರೊಳಗಿನ ಕ್ರೈಸ್ತರು, ಎಲ್ಲ ಲೆಕ್ಕದಲ್ಲೂ ಸ್ವಲ್ಪ ಜನ. ಸ್ವಲ್ಪ ಜನರಿಗೆ ಬಂಡಿ ಒಳ್ಳೆಯ ಜಾಗ. ಅಲ್ಲಿ ಯಾರೂ ನಿಮ್ಮ ಹೆಸರಿನ ಕೊನೆಯ ಭಾಗ ಕೇಳುವುದಿಲ್ಲ. ಕಬ್ಬಿನ ಟ್ರಾಕ್ಟರ್ ನಿಲ್ಲಿಸಿ ಬಂದ ರೈತ, ಕಲ್ಲುಗಣಿಯ ಧೂಳು ಮೈಮೇಲಿರುವ ಕೂಲಿ, ಕಾಲೇಜಿನ ಹುಡುಗಿಯರು, ಮಸೀದಿಯಿಂದ ಬಂದ ಚಾಚಾ, ಚರ್ಚಿನಿಂದ ಬಂದ ನಾವು, ಎಲ್ಲರೂ ಒಂದೇ ಬಾಣಲೆಯಿಂದ ತಿನ್ನುತ್ತೇವೆ.

ಮನೆಯ ಹಿರಿಯರಿಗೆ ಇದು ಅಷ್ಟಾಗಿ ಹಿಡಿಸುವುದಿಲ್ಲ. ಮನೆಯಲ್ಲಿ ಅಡುಗೆ ಇರುವಾಗ ಬೀದಿಯಲ್ಲಿ ಯಾಕೆ ದುಡ್ಡು ಸುಡುತ್ತೀರಿ, ನಾಲಿಗೆಯ ಚಪಲ ಒಳ್ಳೆಯದಲ್ಲ ಎನ್ನುತ್ತಾರೆ. ಅವರ ಮಾತಿನಲ್ಲಿ ಸತ್ಯವಿಲ್ಲದೆ ಇಲ್ಲ. ಆದರೂ ರುಚಿ ಪಡುವುದೇ ತಪ್ಪು ಎಂದು ನಮಗೆ ಅನಿಸುವುದಿಲ್ಲ. ಬಂಡಿಯವನು ಬೆಳಿಗ್ಗೆಯೇ ಮೆಣಸಿನಕಾಯಿ ಆರಿಸಿ, ಹಿಟ್ಟು ಕಲಸಿ, ಸಿಲಿಂಡರ್ ಹೊತ್ತು ತಂದು, ರಾತ್ರಿಯವರೆಗೆ ಉರಿಯ ಮುಂದೆ ನಿಂತಿರುತ್ತಾನೆ. ಅವನ ದುಡಿಮೆಯನ್ನು ಸಂತೋಷದಿಂದ ತಿಂದು, ಕೇಳಿದ ಬೆಲೆ ಕೊಟ್ಟು, ಚೆನ್ನಾಗಿತ್ತು ಎಂದು ಹೇಳಿ ಬರುವುದು ಅವನಿಗೆ ಸಲ್ಲುವ ಮರ್ಯಾದೆ. 2014ರಲ್ಲಿ ಬೀದಿ ವ್ಯಾಪಾರಿಗಳಿಗೆಂದೇ ದೇಶದಲ್ಲಿ ಒಂದು ಕಾಯ್ದೆ ಬಂತು. ಅವರು ರಸ್ತೆಗೆ ಅಡ್ಡಿಯಲ್ಲ, ದುಡಿದು ಬದುಕುವ ಹಕ್ಕುಳ್ಳವರು ಎಂದು ಕಾನೂನೇ ಒಪ್ಪಿಕೊಂಡಿತು. ಆದ್ದರಿಂದ ಈ ತಿಂಗಳು ನಾವು ಕೇಳಬೇಕೆಂದಿರುವ ಪ್ರಶ್ನೆ ಬೀದಿಯಲ್ಲಿ ತಿನ್ನಬಹುದೇ ಎಂಬುದಲ್ಲ. ಬೀದಿಯಲ್ಲಿ ಎಲ್ಲರೊಂದಿಗೆ ತಿನ್ನುವ ನಾವು ನಿಜವಾಗಿ ಎಲ್ಲರೊಂದಿಗೆ ಉಣ್ಣುವವರೇ?

ಈ ಪ್ರಶ್ನೆ ನಮಗೆ ಪುಸ್ತಕದಿಂದ ಬಂದದ್ದಲ್ಲ, ನಾವೇ ಮಾಡಿದ ಒಂದು ತಪ್ಪಿನಿಂದ ಬಂದದ್ದು. ಅದನ್ನು ಇದ್ದಂತೆ ಹೇಳುತ್ತೇವೆ.

ಕಳೆದ ವರ್ಷ ಮಳೆ ಮುಗಿದು ಹಿಂಗಾರಿ ಜೋಳ ಬಿತ್ತುವ ಹೊತ್ತಿನಲ್ಲಿ, ಕುಟುಂಬ ಪ್ರಾರ್ಥನೆಗೆಂದು ನಾವು ಏಳು ಜನ ನಾರಾಯಣಖೇಡದ ಕಡೆಯ ಒಂದು ಹಳ್ಳಿಗೆ ಹೋಗಿದ್ದೆವು. ನಮ್ಮ ಗಾನವೃಂದದಲ್ಲಿ ಢೋಲಕ್ ಬಾರಿಸುವ ಹುಡುಗನ ಮನೆ ಅದು. ಊರು ಮುಗಿದ ಮೇಲೆ ಶುರುವಾಗುವ ಕೇರಿಯಲ್ಲಿದೆ. ಮನೆಯಲ್ಲಿ ಅವನ ಆಯಿ ಒಬ್ಬರೇ ಇದ್ದರು. ಪ್ರಾರ್ಥನೆ ಮುಗಿಯಿತು, ಹಾಡು ಮುಗಿಯಿತು. ಆಯಿ ಒಳಗೆ ಹೋಗಿ ಬಟ್ಟೆ ಮುಚ್ಚಿದ ಬುಟ್ಟಿ ತಂದಿಟ್ಟರು. ಜೋಳದ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ. “ಒಂದೊಂದು ರೊಟ್ಟಿ ಉಂಡು ಹೋಗ್ರಿ, ಬಿಸಿ ಅದಾವ” ಎಂದರು.

ಮೊದಲು ಬೇಡವೆಂದವರು ಸಂಯೋಜಕರಾದ ನಾವೇ. “ಬ್ಯಾಡ ಆಯಿ, ಹೊಟ್ಟಿ ಸರಿ ಇಲ್ಲ” ಎಂದೆವು. ಮುಂದೆ ನಿಂತವರೇ ಹಾಗೆ ಹೇಳಿದ ಮೇಲೆ ಉಳಿದವರಿಗೂ ದಾರಿ ಸಿಕ್ಕಿತು. ಒಬ್ಬರು ಈಗಷ್ಟೇ ಚಹಾ ಕುಡಿದದ್ದು ಎಂದರು, ಒಬ್ಬರು ಉಪವಾಸ ಎಂದರು, ಒಬ್ಬರು ಗಡಿಯಾರ ನೋಡಿದರು. ಆಯಿ ಒತ್ತಾಯ ಮಾಡಲಿಲ್ಲ. “ಆಯ್ತು ತಮ್ಮಾ” ಎಂದು ಬುಟ್ಟಿಯ ಮೇಲೆ ಮತ್ತೆ ಬಟ್ಟೆ ಎಳೆದರು.

ಮುಕ್ಕಾಲು ಗಂಟೆಯ ನಂತರ ನಾವು ನಾರಾಯಣಖೇಡದ ಬಂಡಿಯೊಂದರ ಮುಂದೆ ಪುನುಗುಲು ತಿನ್ನುತ್ತಿದ್ದೆವು. ನಮ್ಮಲ್ಲಿ ಇಬ್ಬರು ಪಕ್ಕದ ಬಂಡಿಗೆ ಹೋಗಿ ಪಾನಿಪುರಿಯನ್ನೂ ತಿಂದರು. ನಮ್ಮನ್ನು ಬಸ್ಸಿಗೆ ಬಿಡಲು ಬಂದ ಢೋಲಕ್ ಹುಡುಗ ಬರೀ ಚಹಾ ಹಿಡಿದು ನಿಂತಿದ್ದ. ಸ್ವಲ್ಪ ಹೊತ್ತಿನ ಮೇಲೆ ಕೇಳಿದ: “ಅಣ್ಣಾ, ಹೊಟ್ಟಿ ಸುಧಾರಿಸ್ತೇನು?”

ಎಲ್ಲರೂ ನಕ್ಕರು. ಅವನು ನಗಲಿಲ್ಲ. ಮುಂದಿನ ಎರಡು ಭಾನುವಾರ ಅಭ್ಯಾಸಕ್ಕೂ ಬರಲಿಲ್ಲ.

ಆ ರಾತ್ರಿ ಬಸ್ಸಿನಲ್ಲಿ ನಮಗೆ ನಾವೇ ಹೇಳಿಕೊಂಡ ಸಮಾಧಾನ ಒಂದೇ: ಸ್ವಚ್ಛತೆ. ಹಳ್ಳಿಯ ನೀರು ಹೇಗಿರುತ್ತದೋ ಏನೋ, ನಾಳೆ ಕೆಲಸಕ್ಕೆ ಹೋಗಬೇಕು, ಹೊಟ್ಟೆ ಕೆಟ್ಟರೆ ಕಷ್ಟ. ಬಿ.ಎಸ್ಸಿ. ಓದಿದವರಿಗೆ ಈ ಮಾತು ಬೇಗ ನಾಲಿಗೆಗೆ ಬರುತ್ತದೆ. ಆದರೆ ಓದಿದ್ದೇ ವಿಜ್ಞಾನವಾದರೆ ಅದನ್ನು ಕೊನೆಯವರೆಗೆ ಓದಬೇಕಲ್ಲ. ನಾವು ಕುಳಿತು ಲೆಕ್ಕ ಹಾಕಿದೆವು.

ಹೊಟ್ಟೆ ಕೆಡಿಸುವ ಬ್ಯಾಕ್ಟೀರಿಯಾಗಳು ಹೆಚ್ಚಾಗಿ ಬೆಳೆಯುವುದು 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವಿನ ಶಾಖದಲ್ಲಿ. ಕುದಿಯುವ ಚಹಾದಲ್ಲಿ, ಆಗತಾನೆ ಕರಿದು ತೆಗೆದ ಮಿರ್ಚಿಯಲ್ಲಿ ಅವು ಉಳಿಯುವುದು ಕಷ್ಟ. ಅಪಾಯ ಇರುವುದು ಕುದಿಸದ ನೀರಿನಲ್ಲಿ, ಬಹಳ ಹೊತ್ತಿನ ಹಿಂದೆ ಹೆಚ್ಚಿಟ್ಟ ಉಳ್ಳಾಗಡ್ಡಿಯಲ್ಲಿ, ತೆರೆದಿಟ್ಟ ಚಟ್ನಿಯಲ್ಲಿ, ಕೈ ಮುಳುಗಿಸಿ ಕೊಡುವ ಪಾನಿಯಲ್ಲಿ. ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಿದರೆ ಅದರಲ್ಲಿ ಬೇಡದ ಸಂಯುಕ್ತಗಳು ಹೆಚ್ಚುತ್ತವೆ. ಅವು ಶೇಕಡಾ 25 ದಾಟಿದ ಎಣ್ಣೆಯನ್ನು ಬಳಸಬಾರದು ಎಂಬುದು ನಮ್ಮ ದೇಶದ ಆಹಾರ ಸುರಕ್ಷತಾ ನಿಯಮ. ಬಜ್ಜಿಯನ್ನು ಸುದ್ದಿಪತ್ರಿಕೆಯಲ್ಲಿ ಕಟ್ಟಬೇಡಿ, ಮಸಿ ಆಹಾರಕ್ಕೆ ಹತ್ತುತ್ತದೆ ಎಂಬ ಸೂಚನೆಯೂ ಇದೆ.

ಈಗ ಆಯಿಯ ಬುಟ್ಟಿಯನ್ನು ಈ ತಕ್ಕಡಿಗೆ ಹಾಕಿ ನೋಡಿ. ಜೋಳದ ಹಿಟ್ಟನ್ನು ನಾದುವುದು ಕುದಿಯುವ ಎಸರಿನಲ್ಲಿ. ರೊಟ್ಟಿ ಬೇಯುವುದು ಕೆಂಪಗೆ ಕಾದ ಹಂಚಿನ ಮೇಲೆ. ಪುಂಡಿ ಸೊಪ್ಪು ಬೇಳೆಯೊಂದಿಗೆ ಕುದಿದದ್ದು, ಅದೂ ಹುಳಿ. ಹುರಿದು ಕುಟ್ಟಿದ ಹಿಂಡಿಯಲ್ಲಿ ನೀರೇ ಇಲ್ಲ. ವಿಜ್ಞಾನವನ್ನು ಸಾಕ್ಷಿಗೆ ಕರೆದರೆ ಅದು ಆಯಿಯ ಪರವಾಗಿಯೇ ಮಾತಾಡುತ್ತದೆ, ಪಾನಿಪುರಿಯ ಪರವಾಗಿ ಅಲ್ಲ. ನೀರಿನ ಭಯವಿದ್ದರೆ ನಮ್ಮ ಬಾಟಲಿಯ ನೀರು ಕುಡಿದು ರೊಟ್ಟಿ ತಿನ್ನಬಹುದಿತ್ತು. ಅಂದರೆ ಸ್ವಚ್ಛತೆ ನಮ್ಮ ಕಾರಣವಾಗಿರಲಿಲ್ಲ. ಅದು ಕಾರಣದ ಮೇಲೆ ಹೊದಿಸಿದ ಬಟ್ಟೆಯಾಗಿತ್ತು.

ಬಟ್ಟೆ ತೆಗೆದರೆ ಕೆಳಗೆ ಇದ್ದದ್ದು ಜಾತಿ. ಬರೆಯಲು ನಾಚಿಕೆಯಾಗುತ್ತದೆ, ಆದರೆ ಬೇರೆ ಹೆಸರಿಲ್ಲ. ನಾಚಿಕೆ ಹೆಚ್ಚಾಗುವುದು ಇನ್ನೊಂದು ಕಾರಣಕ್ಕೆ. ನಮ್ಮ ಏಳು ಜನರಲ್ಲಿ ಹೆಚ್ಚಿನವರ ಮುತ್ಯಾಗಳು ಹೋಟೆಲಿನ ಹೊರಗೆ ನಿಂತು, ತಮಗಾಗಿ ಬೇರೆ ಇಟ್ಟಿದ್ದ ಲೋಟದಲ್ಲಿ ಚಹಾ ಕುಡಿದು, ತಾವೇ ತೊಳೆದಿಟ್ಟು ಬಂದವರು. ಆ ಕಥೆಯನ್ನು ಅವರ ಬಾಯಿಂದಲೇ ಕೇಳಿ ಬೆಳೆದವರು ನಾವು. ಹೊರಗೆ ನಿಲ್ಲಿಸಿಕೊಂಡವರ ಮೊಮ್ಮಕ್ಕಳು ಇನ್ನೊಂದು ಹೊಸ್ತಿಲಲ್ಲಿ ನಿಂತು, ತಮಗಿಂತ ಒಂದು ಮೆಟ್ಟಿಲು ಕೆಳಗೆ ಎಂದು ಊರು ಹೇಳಿಕೊಟ್ಟ ಮನೆಯ ರೊಟ್ಟಿ ಬೇಡವೆಂದರು.

ಹಾಗಾದರೆ ಬಂಡಿಯಲ್ಲಿ ನಾವು ಕಂಡ ಸಮಾನತೆ ಸುಳ್ಳೇ? ಪೂರ್ತಿ ಸುಳ್ಳಲ್ಲ. ಅದಕ್ಕಾಗಿ ಜನ ಹೋರಾಡಿದ್ದಾರೆ. ಅಂಗಡಿ, ಹೋಟೆಲುಗಳಿಗೆ ಹೋಗದಂತೆ ಜಾತಿ ಧರ್ಮದ ಕಾರಣಕ್ಕೆ ಯಾರನ್ನೂ ತಡೆಯಬಾರದು ಎಂದು ಸಂವಿಧಾನದ 15ನೇ ವಿಧಿ ಹೇಳಿತು. 17ನೇ ವಿಧಿ ಅಸ್ಪೃಶ್ಯತೆಯನ್ನೇ ರದ್ದು ಮಾಡಿತು. 1955ರ ಕಾಯ್ದೆ ಅದನ್ನು ಆಚರಿಸುವವರಿಗೆ ಶಿಕ್ಷೆ ಇಟ್ಟಿತು. ಇಂದು ಬಂಡಿಯ ಮುಂದೆ ನಾವು ಭುಜಕ್ಕೆ ಭುಜ ತಾಗಿಸಿ ನಿಲ್ಲುತ್ತೇವೆ ಎಂದರೆ ಅದರ ಹಿಂದೆ ಇಷ್ಟೆಲ್ಲ ಇದೆ. ಆದರೆ ಬಂಡಿ ನಮ್ಮಿಂದ ಕೇಳುವುದು ತುಂಬ ಕಡಿಮೆ. ದುಡ್ಡು ಕೊಡುತ್ತೇವೆ, ತಿನ್ನುತ್ತೇವೆ, ಹೋಗುತ್ತೇವೆ. ಕರಿದವರ ಮನೆ ಎಲ್ಲಿದೆ, ಪಕ್ಕದಲ್ಲಿ ತಿನ್ನುತ್ತಿರುವವರು ಯಾರ ಮಗ ಎಂದು ತಿಳಿಯಬೇಕಾಗಿಲ್ಲ. ಕಾಗದದ ಲೋಟ ಬಂದ ಮೇಲೆ ಎರಡು ಲೋಟದ ಜಗಳವೂ ಇಲ್ಲ, ಏಕೆಂದರೆ ಎಲ್ಲರ ಲೋಟವೂ ಕಸದ ಬುಟ್ಟಿಗೆ ಹೋಗುತ್ತದೆ. ಲೋಟ ಬದಲಾಯಿತು. ಮನಸ್ಸು ಬದಲಾಯಿತೋ ಇಲ್ಲವೋ ಎಂದು ಅದು ಹೇಳುವುದಿಲ್ಲ.

ಮನೆಯ ಊಟ ಹಾಗಲ್ಲ. ಅಲ್ಲಿ ಉಣಬಡಿಸುವವರ ಮುಖ ನೋಡಬೇಕು, ಅವರ ತಟ್ಟೆಯಲ್ಲಿ ಉಣ್ಣಬೇಕು, ಅವರಿಗೆ ಋಣಿಯಾಗಬೇಕು. ದುಡ್ಡು ಕೊಟ್ಟು ಆ ಋಣ ತೀರಿಸಲಾಗದು. ಅದು ತೀರುವುದು ಒಂದೇ ದಾರಿಯಲ್ಲಿ, ನಾಳೆ ಅವರನ್ನು ನಮ್ಮ ಮನೆಗೆ ಕರೆಯುವುದರಿಂದ. ಕಾನೂನು ಹೋಟೆಲಿನ ಬಾಗಿಲು ತೆರೆಸಬಲ್ಲದು. ಮನೆಯ ಬಾಗಿಲನ್ನು ಮನೆಯವರೇ ತೆರೆಯಬೇಕು. ಅದಕ್ಕೇ ಸಹಭೋಜನ ನಮ್ಮ ದೇಶದಲ್ಲಿ ಯಾವಾಗಲೂ ದೊಡ್ಡ ಗದ್ದಲ ಎಬ್ಬಿಸಿದೆ. ಕೇರಳದ ಚೆರಾಯಿಯಲ್ಲಿ 1917ರ ಮೇ 29ರಂದು ಸಹೋದರನ್ ಅಯ್ಯಪ್ಪನ್ ಅವರು ಈಳವರನ್ನೂ ಪುಲಯರನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿ ಊಟ ಮಾಡಿಸಿದಾಗ, ಸ್ವಂತ ಜನರೇ ಅವರನ್ನು ಹೀಯಾಳಿಸಿ ದೂರ ಇಟ್ಟರು. ಗಮನಿಸಿ, ಈಳವರೂ ಮೇಲ್ಜಾತಿಯವರಿಂದ ದೂರ ನಿಲ್ಲಿಸಿಕೊಂಡವರೇ.

ನಮಗೆ ಅಷ್ಟು ದೂರ ಹೋಗುವ ಅಗತ್ಯವೂ ಇಲ್ಲ. ಜಹೀರಾಬಾದಿನಿಂದ ಇದೇ ಹೆದ್ದಾರಿ ಹಿಡಿದು ಪಶ್ಚಿಮಕ್ಕೆ ಹೊರಟರೆ ಹುಮನಾಬಾದ್ ದಾಟಿದ ಮೇಲೆ ಬಸವಕಲ್ಯಾಣ. 12ನೇ ಶತಮಾನದಲ್ಲಿ ಬಸವಣ್ಣನವರು ಕೇರಿಯ ನಾಗಿದೇವರ ಮನೆಗೆ ಹೋಗಿ ಪ್ರಸಾದ ಸ್ವೀಕರಿಸಿದರು, ಅದರ ದೂರು ಬಿಜ್ಜಳ ರಾಜನವರೆಗೆ ಹೋಯಿತು ಎಂದು ಶರಣರ ಕಥೆಗಳು ಹೇಳುತ್ತವೆ. ಅರಮನೆಯ ಭಂಡಾರಿ ಕೇರಿಗೆ ದಾನ ಕೊಟ್ಟಿದ್ದರೆ ಯಾರೂ ದೂರು ಕೊಡುತ್ತಿರಲಿಲ್ಲ. ಅವರು ಅಲ್ಲಿ ಕುಳಿತು ಉಂಡರು. ಕೊಡುವುದಕ್ಕಿಂತ ಪಡೆಯುವುದು ಕಷ್ಟ ಎಂಬುದು ನಮಗೆ ಆ ಕಥೆಯಿಂದ ಅರ್ಥವಾಗುತ್ತದೆ. ನಾವೂ ಆಯಿಯ ಮನೆಗೆ ಪ್ರಾರ್ಥನೆ ಕೊಡಲು ಹೋಗಿದ್ದೆವು. ಅವರಿಂದ ರೊಟ್ಟಿ ಪಡೆಯಲು ಸಿದ್ಧರಿರಲಿಲ್ಲ.

ನಮ್ಮದೇ ಗ್ರಂಥದಲ್ಲಿಯೂ ಇಂಥದೊಂದು ಘಟನೆ ಇದೆ. ಅಂತಿಯೋಕ್ಯದಲ್ಲಿ ಪೇತ್ರರು ಅನ್ಯಜನರೊಂದಿಗೆ ಊಟ ಮಾಡುತ್ತಿದ್ದರು. ತಮ್ಮ ಕಡೆಯ ಕೆಲವರು ಬಂದಾಗ ಅವರಿಗೆ ಅಂಜಿ ಪಂಕ್ತಿಯಿಂದ ಹಿಂದೆ ಸರಿದರು. ಸಂತ ಪೌಲರು ಎಲ್ಲರ ಎದುರಿಗೇ ಅದನ್ನು ಖಂಡಿಸಿದರೆಂದು ಗಲಾತ್ಯರಿಗೆ ಬರೆದ ಪತ್ರದ ಎರಡನೇ ಅಧ್ಯಾಯದಲ್ಲಿ ಓದುತ್ತೇವೆ. ಪೇತ್ರರಂಥವರೇ ಊಟದ ಮುಂದೆ ಎಡವಿದರು. ಅವರನ್ನು ಕೇಳಲು ಪೌಲರಿದ್ದರು, ನಮ್ಮನ್ನು ಕೇಳಲು ಢೋಲಕ್ ಹುಡುಗ ಇದ್ದ.

ಇನ್ನೊಂದು ವಿಪರ್ಯಾಸವನ್ನೂ ಹೇಳಬೇಕು. ನಾವು ಬೇಡವೆಂದ ಆ ಊಟಕ್ಕೆ ಇಂದು ದೊಡ್ಡ ಹೆಸರಿದೆ. ಜಹೀರಾಬಾದ್ ಹತ್ತಿರದ ಪಸ್ತಾಪುರದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಸಂಘಗಳಲ್ಲಿರುವವರು ಹೆಚ್ಚಾಗಿ ದಲಿತ ಹೆಣ್ಣುಮಕ್ಕಳು. ಅಕ್ಕಿ ತಿನ್ನುವವರು ಬಡವರ ಕೂಳು ಎಂದು ಮೂಗು ಮುರಿದ ಜೋಳ, ಸಜ್ಜೆ, ನವಣೆಗಳ ಬೀಜವನ್ನು ಅವರು ಮನೆಯಲ್ಲಿ ಕಾಪಾಡಿದರು. 2019ರಲ್ಲಿ ಆ ಸಂಸ್ಥೆಗೆ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿ ಬಂತು. 2023ನ್ನು ಇಡೀ ಜಗತ್ತು ಸಿರಿಧಾನ್ಯ ವರ್ಷವೆಂದು ಆಚರಿಸಿತು. ತಾಂಡೂರಿನ ತೊಗರಿಗೆ 2022ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಈಗ ಢಾಬಾದ ಫಲಕದಲ್ಲಿ ಜೋಳದ ರೊಟ್ಟಿ ಎಂದು ಬರೆದಿದ್ದರೆ ನಾವು ಹುಡುಕಿಕೊಂಡು ಹೋಗಿ ಹೆಚ್ಚು ದುಡ್ಡು ಕೊಡುತ್ತೇವೆ. ಅದೇ ಜೋಳ, ಅದೇ ತೊಗರಿ, ಅವನ್ನು ಕಾಪಾಡಿದ ಕೈಯಿಂದಲೇ ಬಂದಾಗ ಹೊಟ್ಟೆ ಸರಿ ಇರುವುದಿಲ್ಲ!

ಇದಕ್ಕೆ ಉತ್ತರವಾಗಿ ಕೆಲವರು ಒಂದು ನಿಜವಾದ ಮಾತು ಹೇಳಬಹುದು. ಬಡವರ ಮನೆಯಲ್ಲಿ ಏಳು ಜನ ಉಂಡರೆ ಅವರಿಗೆ ಭಾರವಲ್ಲವೇ? ಬೇಡವೆನ್ನುವುದೂ ಒಂದು ದಯೆಯಲ್ಲವೇ? ನಾವು ಇದನ್ನು ಯೋಚಿಸಿದೆವು. ಭಾರ ಎಂದು ಅನಿಸಿದ್ದರೆ ಅರ್ಧ ರೊಟ್ಟಿ ಹಂಚಿಕೊಂಡು ತಿನ್ನಬಹುದಿತ್ತು, ಹೋಗುವಾಗ ಸಕ್ಕರೆ, ಚಹಾಪುಡಿ ಒಯ್ಯಬಹುದಿತ್ತು. ರೊಟ್ಟಿ ಆಗಲೇ ಬಡಿದಾಗಿತ್ತು. ಬೇಡವೆಂದದ್ದರಿಂದ ಆಯಿಯ ಹಿಟ್ಟು ಉಳಿಯಲಿಲ್ಲ. ಅತಿಥಿಯನ್ನು ಉಪಚರಿಸುವ ಅವರ ಹಕ್ಕನ್ನು ಮಾತ್ರ ಕಸಿದುಕೊಂಡಂತಾಯಿತು. ಬಡವರಿಗೆ ಕೊಡುವ ಹಕ್ಕೇ ಇಲ್ಲ, ಪಡೆಯುವುದಷ್ಟೇ ಅವರ ಕೆಲಸ ಎಂದು ತಿಳಿದರೆ ಅದು ದಯೆ ಅಲ್ಲ.

ಇಲ್ಲಿ ದೂರದ ಮಲೇಷ್ಯಾದ ಒಂದು ಪದ್ಧತಿ ನೆನಪಾಗುತ್ತದೆ. ಬೀದಿಯ ತಿನಿಸಿಗೆ ಆ ದೇಶ ಹೆಸರುವಾಸಿ. ಮಲಯರು, ಚೀನೀಯರು, ನಮ್ಮ ದೇಶದಿಂದ ಹೋಗಿ ನೆಲೆಸಿದವರು, ಎಲ್ಲರೂ ಬೆಳಿಗ್ಗೆ ತೆಂಗಿನ ಹಾಲಿನಲ್ಲಿ ಬೇಯಿಸಿದ ನಾಸಿ ಲೆಮಾಕ್ ಅನ್ನ, ನಮ್ಮ ಪರೋಟಾದ ತಮ್ಮನಂತಿರುವ ರೋಟಿ ಚನಾಯ್, ಎತ್ತಿ ಸುರಿದು ನೊರೆ ಬರಿಸಿದ ತೇ ತಾರಿಕ್ ಚಹಾಕ್ಕಾಗಿ ಅಂಗಡಿಗಳಲ್ಲಿ ಸೇರುತ್ತಾರೆ. ಹಲವು ಜನಾಂಗಗಳು ಕೂಡಿ ತಿನ್ನುವ ಈ ಬೆಳಗಿನ ಉಪಾಹಾರವನ್ನು 2024ರಲ್ಲಿ ಯುನೆಸ್ಕೊ ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಆದರೆ ಅಲ್ಲಿನವರು ಅಂಗಡಿಯ ಬೆಂಚಿಗೆ ನಿಲ್ಲಿಸಿಲ್ಲ. ಹಬ್ಬದ ದಿನ ಮನೆಯ ಬಾಗಿಲು ತೆರೆದಿಟ್ಟು ಬೇರೆ ಧರ್ಮದ ನೆರೆಯವರನ್ನು ಊಟಕ್ಕೆ ಕರೆಯುವ ರೂಢಿ ಇದೆ. ಅದನ್ನು ‘ತೆರೆದ ಮನೆ’ ಎನ್ನುತ್ತಾರೆ. ಈದ್‌ಗೆ ಮಲಯರ ಮನೆ, ಹೊಸವರ್ಷಕ್ಕೆ ಚೀನೀಯರ ಮನೆ, ದೀಪಾವಳಿಗೆ ತಮಿಳರ ಮನೆ, ಕ್ರಿಸ್ಮಸ್‌ಗೆ ಕ್ರೈಸ್ತರ ಮನೆ. ಬರುವವರು ಏನು ತಿನ್ನುತ್ತಾರೆ, ಏನು ತಿನ್ನುವುದಿಲ್ಲ ಎಂದು ನೋಡಿ ಅಡುಗೆ ಮಾಡುತ್ತಾರೆ. ಅಲ್ಲಿಯೂ ಜನಾಂಗಗಳ ನಡುವೆ ತಕರಾರುಗಳಿವೆ. ಆದರೂ ಬೀದಿಯ ಗೆಳೆತನ ಹೊಸ್ತಿಲು ದಾಟಬೇಕು ಎಂದು ಅವರಿಗೆ ಗೊತ್ತಿದೆ.

ನಾವು ಮತ್ತೆ ಆಯಿಯ ಮನೆಗೆ ಹೋದೆವು. ಮೊದಲು ಢೋಲಕ್ ಹುಡುಗನ ಹತ್ತಿರ ತಪ್ಪಾಯಿತು ಎಂದೆವು. ಅವನು “ನನಗ್ಯಾಕ ಹೇಳ್ತೀರಿ, ಆಯಿಗಿ ಹೇಳ್ರಿ” ಎಂದ. ಆಯಿಯ ಮುಂದೆ ಮಾತು ಬರಲಿಲ್ಲ, ಒಲೆಯ ಮುಂದೆ ಸಾಲಾಗಿ ಕುಳಿತೆವು. ಅವರು ಏನೂ ಕೇಳದೆ ರೊಟ್ಟಿ ಬಡಿದು, ಹಂಚಿನಿಂದ ನೇರವಾಗಿ ತಟ್ಟೆಗೆ ಹಾಕುತ್ತ ಹೋದರು. ಮೂರನೆಯ ರೊಟ್ಟಿ ಮುಗಿಯುವಾಗ, ಹಿಟ್ಟಿನ ಕೈ ಒರೆಸಿಕೊಳ್ಳುತ್ತ ಒಂದೇ ಮಾತು ಕೇಳಿದರು: “ನಿಮ್ಮ ಮನಿಗಿ ನಮ್ಮನ್ನ ಯಾವಾಗ ಕರೀತೀರಿ ತಮ್ಮಾ?”

ಅವರ ಮನೆಯಲ್ಲಿ ಉಂಡಾಗಲೇ ಲೆಕ್ಕ ಚುಕ್ತಾ ಆಯಿತು ಎಂದು ನಾವು ತಿಳಿದಿದ್ದೆವು. ಅರ್ಧ ಮಾತ್ರ ಆಗಿತ್ತು. ಅಂದಿನಿಂದ ನಮ್ಮ ಏಳು ಮನೆಗಳಲ್ಲಿ ಮಾತುಕತೆ ನಡೆದಿದೆ. ನಾಲ್ಕು ಮನೆಯವರು ಕೂಡಲೇ ಒಪ್ಪಿದರು. ಎರಡು ಮನೆಯಲ್ಲಿ ‘ನೋಡೋಣ’ ಎಂದಿದ್ದಾರೆ. ಒಂದು ಮನೆಯಲ್ಲಿ ಹಿರಿಯರು ಸಿಟ್ಟಾಗಿ ಎದ್ದು ಹೋದರು. ಆ ಮನೆಯ ಹುಡುಗಿ ಈಗಲೂ ಪ್ರತಿ ವಾರ ಸಮಾಧಾನದಿಂದ ಅದೇ ಮಾತು ಎತ್ತುತ್ತಾಳೆ. ಹಿರಿಯರನ್ನು ಅವಮಾನ ಮಾಡಿ ಗೆಲ್ಲುವ ಆಸೆ ನಮಗಿಲ್ಲ. ಅವರೂ ಯಾರದೋ ಹೊಸ್ತಿಲಲ್ಲಿ ನಿಂತು ನೊಂದವರೇ. ಆದರೆ ಮಾತನ್ನು ಕೈಬಿಡುವುದೂ ಇಲ್ಲ.

ಒಂದೇ ಬಲಿಪೀಠದ ಮುಂದೆ ಸಾಲಾಗಿ ನಿಂತು ಪರಮಪ್ರಸಾದ ಸ್ವೀಕರಿಸುವ ನಮ್ಮ ಕುಟುಂಬಗಳಿಗೆ ನಮ್ಮ ವಿನಂತಿ ಇಷ್ಟೇ. ಬರುವ ಕ್ರಿಸ್ಮಸ್ ಹಬ್ಬಕ್ಕೆ ಪ್ರತಿಯೊಂದು ಮನೆಯವರೂ, ಇದುವರೆಗೆ ತಮ್ಮ ಮನೆಯಲ್ಲಿ ಒಮ್ಮೆಯೂ ಉಣ್ಣದ ಒಂದು ಮನೆಯವರನ್ನು ಊಟಕ್ಕೆ ಕರೆಯಲಿ. ಕುಸ್ವಾರ ಕಟ್ಟಿ ಕಳಿಸುವುದು ಬೇಡ, ಒಳಗೆ ಕರೆದು ಕೂರಿಸಲಿ. ಅವರು ತಿರುಗಿ ಕರೆದರೆ ಹೋಗಿ ಉಂಡು ಬರಲಿ. ಯಾರು ಯಾರನ್ನು ಕರೆದರು ಎಂದು ನಾವು ಪಟ್ಟಿ ಮಾಡುವುದಿಲ್ಲ, ಫೋಟೋ ತೆಗೆಯುವುದಿಲ್ಲ.

ಬಂಡಿಗೆ ಹೋಗುವುದನ್ನು ನಾವೇನೂ ಬಿಟ್ಟಿಲ್ಲ. ಭಾನುವಾರ ಸಂಜೆ ಈಗಲೂ ಅಲ್ಲೇ ಸಿಗುತ್ತೇವೆ, ಬನ್ನಿ. ಢೋಲಕ್ ಹುಡುಗನೂ ಬರುತ್ತಾನೆ, ಈಗ ಮಿರ್ಚಿ ತಿನ್ನುತ್ತಾನೆ. ಆಯಿಯನ್ನು ನಾವು ಇದೇ ತಿಂಗಳ ಕೊನೆಯ ಭಾನುವಾರ ಮನೆಗೆ ಕರೆದಿದ್ದೇವೆ. ಏನು ಅಡುಗೆ ಮಾಡೋಣ ಎಂದು ಕೇಳಿದ್ದಕ್ಕೆ, “ನೀವು ಏನು ಉಣ್ತೀರೋ ಅದೇ ಮಾಡ್ರಿ” ಎಂದಿದ್ದಾರೆ.